ಒಂದು ಉದ್ಧರಣೆ ಎಳನೀರು

ನಾನು ಒಂದು ಸ್ನಾಯುಕೋಶ. ಹಾಗೆಂದ ಕೂಡಲೇ ತೋಳು ಮಡಿಸಿ ತೋರಿಸುವ ಗಟ್ಟಿ ಸ್ನಾಯುಗಳ ಪೈಕಿ ಎಂದು ತಿಳಿಯಬೇಡಿ. ಅವರು ಕನ್ನಡಿ ಮುಂದೆ ನಿಲ್ಲುವ ಜನ. ನಾನು ರಕ್ತನಾಳದ ಗೋಡೆಗೆ ಸುತ್ತಿಕೊಂಡು ಬದುಕುವವನು. ನನ್ನ ಎರಡು ತುದಿಯೂ ಚೂಪು, ನಡು ಸ್ವಲ್ಪ ದಪ್ಪ. ನಾನಿರುವ ನಾಳ ನಿಮ್ಮ ತಲೆಗೂದಲಿಗಿಂತ ಸಪೂರ. ಒಂದು ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ಸಣ್ಣ ಗಂಟುಗಳು ಸುಮಾರು ಹತ್ತು ಲಕ್ಷ ಇವೆ. ಅವುಗಳಲ್ಲಿ ಒಂದಕ್ಕೆ ರಕ್ತ ಒಳಹೋಗುವ ದಾರಿಯಲ್ಲಿ ನನ್ನ ಕಾವಲು.

ನನ್ನದು ಗಾಬರಿಯ ಸ್ವಭಾವ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಳಗೆ ಏನು ಹೆಚ್ಚುಕಡಿಮೆಯಾದರೂ ನನಗೆ ಎದೆ ಹೊಡೆದುಕೊಳ್ಳುತ್ತದೆ ಎನ್ನಬಹುದಿತ್ತು, ಆದರೆ ನನಗೆ ಎದೆಯೂ ಇಲ್ಲ. ಕಣ್ಣೂ ಇಲ್ಲ. ರಕ್ತವೇ ನನಗೆ ಸುದ್ದಿ ತರುತ್ತದೆ, ಹೊರಗಿನ ಮಾತು ಎಲುಬುಗಳ ಮೂಲಕ ಇಳಿದು ಬರುತ್ತದೆ. ಮನೆಯೊಳಗಿನ ಸಂಗತಿ ಒಳಗಿದ್ದವರಿಗಲ್ಲದೆ ಬೇರೆ ಯಾರಿಗೆ ಗೊತ್ತು?

ನನ್ನ ಕೆಲಸವನ್ನು ಹೇಳುವುದು ಸುಲಭ. ರಕ್ತದ ಒತ್ತಡ ಏರಿದರೆ ನಾನು ಬಿಗಿಯಬೇಕು. ಆಗ ನಾಳ ಕಿರಿದಾಗಿ ಮುಂದಿರುವ ಸೋಸುಗಂಟು ಒಡೆಯದೆ ಉಳಿಯುತ್ತದೆ. ಒತ್ತಡ ಇಳಿದರೆ ಸಡಿಲವಾಗಬೇಕು, ಇಲ್ಲದಿದ್ದರೆ ಗಂಟಿಗೆ ರಕ್ತ ಸಾಲುವುದಿಲ್ಲ. ಬಿಗಿಯಲು ನನಗೆ ಕ್ಯಾಲ್ಸಿಯಂ ಬೇಕು. ಅದು ಹೊರಗೆ ಕಾದು ನಿಂತಿರುತ್ತದೆ, ಸಂದು ಸಿಕ್ಕರೆ ಒಳಗೆ ನುಗ್ಗುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ನನ್ನ ಪೊಟ್ಯಾಸಿಯಂ ಬಾಗಿಲುಗಳು. ನನ್ನೊಳಗೆ ಪೊಟ್ಯಾಸಿಯಂ ತುಂಬಿಕೊಂಡಿದೆ, ಹೊರಗೆ ಬಹಳ ಕಡಿಮೆ. ಬಾಗಿಲು ತೆರೆದರೆ ಅದು ಹೊರಗೆ ಹರಿಯುತ್ತದೆ. ಹರಿದಂತೆಲ್ಲ ನನ್ನ ಒಳಗು ಶಾಂತವಾಗುತ್ತದೆ, ಕ್ಯಾಲ್ಸಿಯಂ ಬರುವ ದಾರಿ ಮುಚ್ಚಿಕೊಳ್ಳುತ್ತದೆ, ನಾನು ಉಸ್ಸೆಂದು ಸಡಿಲವಾಗುತ್ತೇನೆ. ಬಾಗಿಲು ಮುಚ್ಚಿದರೆ ಮತ್ತೆ ಗಾಬರಿ, ಮತ್ತೆ ಬಿಗಿ.

ಈ ಬಾಗಿಲುಗಳಲ್ಲಿ ಬೇರೆ ಬೇರೆ ಜಾತಿಯವಿವೆ. ಒಂದು, ನನಗೆ ಹಸಿವಾದಾಗ ಮಾತ್ರ ತೆರೆಯುತ್ತದೆ. ಇನ್ನೊಂದು ವಿಚಿತ್ರದ್ದು. ಹೊರಗಿನ ರಕ್ತದಲ್ಲಿ ಪೊಟ್ಯಾಸಿಯಂ ಸ್ವಲ್ಪ ಏರಿತೋ, ಅದು ಇನ್ನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ. ಆಗ ನನಗೆ ಎಲ್ಲಿಲ್ಲದ ನೆಮ್ಮದಿ. ಈ ಎರಡನೆಯ ಬಾಗಿಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ನಾನು ಹುಟ್ಟಿದ್ದು ಬೋರಲಿಂಗನ ಮೈಯಲ್ಲಿ, ಅವನು ಇನ್ನೂ ತಾಯಿಯ ಹೊಟ್ಟೆಯೊಳಗೆ ಇದ್ದಾಗ. ಎಡಗಡೆಯ ಮೂತ್ರಪಿಂಡ ನನ್ನ ಮನೆ. ಬೆನ್ನೆಲುಬಿನ ಆಚೆ ಬದಿಯಲ್ಲಿ ಬಲಗಡೆಯದು ಇತ್ತು. ಅಲ್ಲಿಯವರನ್ನು ನಾನು ಕಂಡವನಲ್ಲ. ಆದರೂ ಅವರಿದ್ದಾರೆ, ಅರ್ಧ ಭಾರ ಅವರು ಹೊತ್ತಿದ್ದಾರೆ ಎಂಬುದು ಪ್ರತಿ ಬಡಿತಕ್ಕೂ ತಿಳಿಯುತ್ತಿತ್ತು.

ಬೋರಲಿಂಗ ಮದ್ದೂರಿನ ಕಡೆಯವನು. ಇಪ್ಪತ್ತು ತುಂಬುವ ಮೊದಲೇ ಮಚ್ಚು ಹಿಡಿದು ಮೈಸೂರು ರಸ್ತೆಯ ಬದಿಯ ಹುಣಸೆಮರದ ಕೆಳಗೆ ಎಳನೀರು ಮಾರಲು ನಿಂತ. ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಮೂರು ಏಟಿಗೆ ಕೆತ್ತುತ್ತಿದ್ದ. ಬೆರಳಿನಿಂದ ಒಮ್ಮೆ ತಟ್ಟಿ ಒಳಗೆ ಗಂಜಿ ಕಟ್ಟಿದೆಯೋ ಬರೀ ನೀರೋ ಹೇಳುತ್ತಿದ್ದ. ಲಾರಿಯವರು ತಂದು ಅವನ ರಾಶಿಯ ಮುಂದೆಯೇ ಲಾರಿ ನಿಲ್ಲಿಸಿದರೆ ಅವನಿಗೆ ರೇಗುತ್ತಿತ್ತು. ಅವನು ಅಲ್ಲಿ ಬೈಯುತ್ತಿದ್ದರೆ ನಾನು ಇಲ್ಲಿ ಬಿಗಿಯುತ್ತಿದ್ದೆ. ದಿನಕ್ಕೆ ಹತ್ತು ಲಾರಿಯಾದರೂ ಬರುತ್ತಿತ್ತು.

ನನ್ನ ಪಾಲಿಗಿದ್ದ ಸುಖವೆಂದರೆ ಮಧ್ಯಾಹ್ನದ್ದು. ಊಟ ಮುಗಿಸಿ ಅವನು ತಾನೇ ಎರಡು ಎಳನೀರು ಕುಡಿಯುತ್ತಿದ್ದ, ಸಂಜೆಗೆ ಇನ್ನೆರಡು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಸ್ವಲ್ಪ ಹೊತ್ತಿಗೆ ರಕ್ತದಲ್ಲಿ ಅದರ ರುಚಿ ಬರುತ್ತಿತ್ತು. ನಾನು ಹೇಳಿದ ವಿಚಿತ್ರ ಬಾಗಿಲು ಮೆಲ್ಲಗೆ ಅಗಲವಾಗುತ್ತಿತ್ತು. ದಿನವಿಡೀ ಬಿಗಿದಿದ್ದ ನನಗೆ ಒಂದು ಗಳಿಗೆ ಹಾಯೆನಿಸುತ್ತಿತ್ತು. ಅಷ್ಟರಲ್ಲಿ ನಮ್ಮ ಮೂತ್ರಪಿಂಡದ ಕೊಳವೆಗಳು ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೆಕ್ಕಿ ಹೊರಗೆ ಕಳಿಸಿ, ಎಲ್ಲವನ್ನೂ ಮೊದಲಿನ ಮಟ್ಟಕ್ಕೆ ತಂದುಬಿಡುತ್ತಿದ್ದವು. ನೆಮ್ಮದಿ ಬರುತ್ತದೆ, ಹೋಗುತ್ತದೆ, ಹೋಗಲೇಬೇಕು ಎಂದು ನಾನು ಕಲಿತದ್ದು ಹೀಗೆ.

ಬೋರಲಿಂಗನಿಗೆ ಒಬ್ಬಳೇ ತಂಗಿ. ಹೆಸರು ಜಯಶೀಲ, ಅವನಿಗಿಂತ ಆರು ವರ್ಷ ಚಿಕ್ಕವಳು. ಮೈಸೂರಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಬಸ್ ಡ್ರೈವರ್. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೂತು ಬೆನ್ನುನೋವು ಬಂತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನೋವಿನ ಮಾತ್ರೆ ತಂದಳು. ನುಂಗಿದರೆ ನೋವು ಹೋಗುತ್ತಿತ್ತು, ಆದ್ದರಿಂದ ದಿನಾ ನುಂಗಿದಳು. ಒಂಬತ್ತು ವರ್ಷ ನುಂಗಿದಳು. ಮುಖ ಊದಿಕೊಂಡು ಆಸ್ಪತ್ರೆಗೆ ಹೋದಾಗ ಅವಳ ಎರಡೂ ಮೂತ್ರಪಿಂಡ ಒಣಗಿಹೋಗಿದ್ದವು.

ಆಮೇಲೆ ಎರಡು ವರ್ಷ ಡಯಾಲಿಸಿಸ್. ವಾರಕ್ಕೆ ಮೂರು ಸಲ ಅವಳ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರಬೇಕು. ಯಂತ್ರದ ಬಳಿ ಇರುತ್ತಿದ್ದವರು ಫಿಲೋಮಿನಾ ಎಂಬ ನರ್ಸು. ಅವರು ಮೊದಲ ದಿನವೇ ಹೇಳಿದ್ದರು: ಎಳನೀರು ಕೂಡದು, ಬಾಳೆಹಣ್ಣು ಕೂಡದು, ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುತ್ತದೆ. ಕೈಕಾಲು ಬಲ ಇಲ್ಲ ಅನ್ನಿಸಿದರೆ ಮೊದಲು ನನಗೆ ಫೋನ್ ಮಾಡಿ ಎಂದೂ ಹೇಳಿದ್ದರು.

ಬೋರಲಿಂಗನಿಗೆ ಅದು ತಡೆಯಲಾರದ ಸಂಕಟ. ಗೌರಿಹಬ್ಬಕ್ಕೆ ತಂಗಿಗೆ ಬಾಗಿನ ಕೊಡುವುದು ತವರಿನ ಪದ್ಧತಿ. ಅಪ್ಪ ಅವ್ವ ತೀರಿಕೊಂಡ ಮೇಲೆ ಅವನೇ ಮೊರದಲ್ಲಿ ಧಾನ್ಯ, ಬಳೆ, ರವಿಕೆ ಕಣ ಇಟ್ಟು, ಜೊತೆಗೆ ಹಿತ್ತಲಿನ ಮರದ ಒಂದು ಗೊನೆ ಎಳನೀರು ಹೊತ್ತು ಹೋಗುತ್ತಿದ್ದ. ಆ ಎರಡು ವರ್ಷ ಮೊರ ಮಾತ್ರ ಹೋಯಿತು.

“ಊರೋರ್ಗೆಲ್ಲ ಎಳ್ನೀರು ಕುಡಿಸ್ತೀನಿ, ನನ್ ತಂಗಿಗೆ ಒಂದ್ ತೊಟ್ಟು ಕುಡಿಸಂಗಿಲ್ಲ,” ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಹೆಂಡತಿ ಮಾದೇವಿಗೆ ಹೇಳಿದ. ನಾನು ಇಲ್ಲಿ ಬಿಗಿದೆ.

ಬೇರೆ ಮೂತ್ರಪಿಂಡ ಹಾಕಿದರೆ ಅವಳು ಬದುಕುತ್ತಾಳೆ ಎಂದು ಡಾಕ್ಟರು ಹೇಳಿದರು. ಗಂಡನದು ಹೊಂದಲಿಲ್ಲ. “ನಂದು ತಕ್ಕಳಿ,” ಎಂದ ಬೋರಲಿಂಗ. ಪರೀಕ್ಷೆಗಳೆಲ್ಲ ಮುಗಿದು ಹೊಂದುತ್ತದೆ ಎಂದಾದ ದಿನ ಮಾದೇವಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಬ್ಯಾಡ ಅನ್ನಕ್ಕಿಲ್ಲ. ಆದ್ರೆ ನಿಮ್ಗೆ ಒಂದೇ ಉಳ್ಕತದೆ. ಅದುಕ್ಕೇನಾರ ಆದ್ರೆ ನಾನು ಯಾರ್ ತಾವ ಹೋಗ್ಲಿ?”

“ಅವ್ವ ಇದ್ದಿದ್ರೆ ಅವ್ವನೇ ಕೊಡ್ತಿತ್ತು,” ಎಂದ ಅವನು. “ಈಗ ಅವ್ಳಿಗೆ ತವ್ರು ಅಂದ್ರೆ ನಾನೇ ಅಲ್ವಾ?”

ಅವಳು ಎದ್ದು ಹೋಗಿ, ಮರುದಿನ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದಳು.

ಎಡಗಡೆಯದು ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಬೋರಲಿಂಗನ ಪಕ್ಕೆಲುಬಿನ ಮೂಲಕ ಕೇಳಿಸಿಕೊಂಡೆ. ಎಡಗಡೆಯೆಂದರೆ ನಾವು! ಅಂದಿನಿಂದ ನನಗೆ ಹೇಗಾಯಿತೆಂದು ಕೇಳಬೇಡಿ. ಒಳಪದರದಲ್ಲಿ ನನಗೆ ಅಂಟಿಕೊಂಡೇ ಇರುವ ನೆರೆಯವಳು ಒಬ್ಬಳಿದ್ದಾಳೆ. ರಕ್ತ ಅವಳನ್ನು ಸವರಿಕೊಂಡೇ ಹೋಗುತ್ತದೆ. ಸುಧಾರಿಸಿಕೋ, ಸಡಿಲಬಿಡು ಎಂದು ಆಗಾಗ ನನಗೆ ಸಂದೇಶ ಕಳಿಸುವುದು ಅವಳ ಅಭ್ಯಾಸ. ಆ ವಾರ ಅವಳು ಕಳಿಸಿದ ಸಂದೇಶಗಳಿಗೆ ಲೆಕ್ಕವಿಲ್ಲ. ನಾನು ಒಂದಕ್ಕೂ ಸರಿಯಾಗಿ ಕಿವಿಗೊಡಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಬಡಿತ ನಿಂತಿತು. ಹುಟ್ಟಿದಂದಿನಿಂದ ನಲವತ್ತನಾಲ್ಕು ವರ್ಷ ಒಂದು ಕ್ಷಣವೂ ನಿಲ್ಲದಿದ್ದ ಬಡಿತ. ನಾಳಕ್ಕೆ ಚಿಮುಟ ಹಾಕಿ ಕತ್ತರಿಸಿದ್ದರು. ರಕ್ತ ಹೋಗಿ ಮಂಜಿನಂಥ ತಣ್ಣನೆಯ ದ್ರವ ನುಗ್ಗಿತು. ಕತ್ತರಿಸಿದ ನರದ ತುದಿಯಿಂದ ಯಾವ ಅಪ್ಪಣೆಯೂ ಬರಲಿಲ್ಲ. ಉಸಿರಿಲ್ಲ, ಊಟವಿಲ್ಲ. ಆಗ ಹಸಿವಿನ ಬಾಗಿಲು ತಾನಾಗಿ ತೆರೆಯಿತು. ಅದೊಂದು ಇಲ್ಲದಿದ್ದರೆ ನಾನು ಭಯದಲ್ಲಿ ಬಿಗಿದುಕೊಂಡೇ ಸೆಟೆದುಹೋಗುತ್ತಿದ್ದೆ. ನಾವೆಲ್ಲ ಐಸ್ ತುಂಬಿದ ಪಾತ್ರೆಯಲ್ಲಿ ಸಡಿಲವಾಗಿ, ಹಸಿದು, ಕಾಯುತ್ತಾ ಬಿದ್ದಿದ್ದೆವು. ಐವತ್ತು ನಿಮಿಷವಂತೆ. ನನಗೆ ಒಂದು ಜನ್ಮ ಕಳೆದಂತಾಯಿತು.

ಮತ್ತೆ ಬಿಸಿ ರಕ್ತ ಬಂತು. ಬಡಿತವೂ ಬಂತು. ಆದರೆ ಅದು ನನಗೆ ಗೊತ್ತಿದ್ದ ಬಡಿತವಲ್ಲ. ಸಣ್ಣ, ಅವಸರದ, ದಣಿದ ಬಡಿತ. ಜಯಶೀಲಳದು. ಕೆಲವೇ ನಿಮಿಷಕ್ಕೆ ನಮ್ಮಿಂದ ಮೂತ್ರದ ಮೊದಲ ಹನಿ ಇಳಿಯಿತು. “ಬಂತು, ಬಂತು!” ಎಂದು ಯಾರೋ ಕೂಗಿದರು. ದೊಡ್ಡ ದೊಡ್ಡ ಡಾಕ್ಟರುಗಳು ನಾಲ್ಕು ಹನಿ ಮೂತ್ರಕ್ಕೆ ಅಷ್ಟು ಸಂತೋಷಪಡುವುದನ್ನು ನಾನು ಅದೇ ಮೊದಲು ಕೇಳಿದ್ದು.

ನಮ್ಮನ್ನು ಇಟ್ಟದ್ದು ಬೆನ್ನಿನ ಹತ್ತಿರವಲ್ಲ, ಬಲಗಡೆಯ ಕಿಬ್ಬೊಟ್ಟೆಯಲ್ಲಿ. ಅವಳ ಹಳೆಯ ಎರಡು ಮೂತ್ರಪಿಂಡಗಳನ್ನು ತೆಗೆದಿರಲಿಲ್ಲ. ಅವು ಮೇಲೆ ತಮ್ಮ ಜಾಗದಲ್ಲೇ ಮುದುಡಿ ಸುಮ್ಮನಿದ್ದವು. ಆ ಮನೆಯ ಹಿರಿಯರು ಅವರು. ನಾವು ಬಂದು ಸೇರಿಕೊಂಡವರು. ನನಗೆ ಅವರ ಮುಂದೆ ಸಂಕೋಚವಾಗುತ್ತಿತ್ತು.

ಅಲ್ಲಿ ಇನ್ನೊಂದು ಅಂಜಿಕೆಯಿತ್ತು. ಜಯಶೀಲಳ ರಕ್ತದಲ್ಲಿ ಅಡ್ಡಾಡುವ ಬಿಳಿಯ ಕಾವಲುಗಾರರು ನಮ್ಮನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅಣ್ಣನ ಮನೆಯವರೆಂದು ಗುರುತಿದ್ದರೂ ಪೂರ್ತಿ ನಂಬಿಕೆಯಿಲ್ಲ. ಅವರು ಮೇಲೆ ಬೀಳದಂತೆ ತಡೆಯುವುದು ಒಂದು ಮಾತ್ರೆ. ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ಆದರೆ ಆ ಮಾತ್ರೆಗೆ ಎರಡು ಕೆಟ್ಟ ಗುಣ. ಒಂದು, ಅದು ನನ್ನನ್ನು ಬಿಗಿಯುತ್ತದೆ. ಎರಡು, ಅದು ನಮ್ಮ ಕೊಳವೆಗಳ ಕೈ ಕಟ್ಟುತ್ತದೆ. ಮೊದಲು ಗಂಟೆಗಳಲ್ಲಿ ಹೊರಹಾಕುತ್ತಿದ್ದ ಪೊಟ್ಯಾಸಿಯಂ ಅನ್ನು ಅವು ಈಗ ತೆವಳುತ್ತಾ ಹೊರಹಾಕುತ್ತಿದ್ದವು. ಮಾತ್ರೆ ತೆಗೆದುಕೊಂಡರೆ ಹೀಗೆ, ಬಿಟ್ಟರೆ ಸಾವು. ಇಂಥ ಕಡೆ ಗಾಬರಿಯಾಗದೆ ಇರುವವರು ಯಾರಿದ್ದಾರೆ ಹೇಳಿ.

ಡಾಕ್ಟರಿಗೆ ಇದು ತಿಳಿದಿತ್ತು. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ, ಎಳನೀರು ಮತ್ತು ಬಾಳೆಹಣ್ಣು ಸದ್ಯಕ್ಕೆ ಬೇಡ, ರಕ್ತಪರೀಕ್ಷೆ ನೋಡಿ ಹೇಳುತ್ತೇವೆ ಎಂದು ಬರೆದಿತ್ತು. ಜಯಶೀಲ ಅದನ್ನು ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ಕೆಳಗೆ ಇಟ್ಟಳು.

ನಾಲ್ಕು ತಿಂಗಳಿಗೆ ಗೌರಿಹಬ್ಬ ಬಂತು. ಆ ಸಲ ಹಬ್ಬ ಶುಕ್ರವಾರ. ಬೋರಲಿಂಗ ಮಾದೇವಿಯ ಜೊತೆ ಮೈಸೂರಿಗೆ ಬಂದ. ಸೋಮವಾರ ಅವನಿಗೂ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು, ಅಲ್ಲಿಯವರೆಗೆ ತಂಗಿಯ ಮನೆಯಲ್ಲೇ ಉಳಿಯುವುದೆಂದು ಮಾತಾಗಿತ್ತು. ಮಾದೇವಿಯ ಕೈಯಲ್ಲಿ ಬಾಗಿನದ ಮೊರ. ಅವನ ಹೆಗಲ ಮೇಲೆ ಎಳನೀರಿನ ಗೊನೆ, ಹನ್ನೆರಡು ಕಾಯಿಯದು. ಗೊನೆ ನೆಲಕ್ಕಿಟ್ಟ ಸದ್ದು ನನಗೆ ಗುರುತು ಸಿಕ್ಕಿತು. ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

“ಡಾಕ್ಟ್ರು ಕೇಳ್ದೆ ಬ್ಯಾಡ ಕಣಣ್ಣ,” ಎಂದಳು ಜಯಶೀಲ.

“ಡಯಾಲಿಸಿಸ್ ಇದ್ದಾಗ ಬ್ಯಾಡ ಅಂದ್ರು, ಸರಿ. ಈಗ ಹೊಸ ಕಿಡ್ನಿ ಬಂದದಲ್ಲವ್ವ,” ಎಂದ ಅಣ್ಣ. ಆಗಲೇ ಮಚ್ಚು ಕೈಯಲ್ಲಿತ್ತು. “ಅದೂ ಯಾರ್ದು? ನಂದು. ದಿನಾ ನಾಕ್ ನಾಕ್ ಎಳ್ನೀರು ಕುಡ್ಕಂಡು ಬೆಳ್ದಿರೋ ಕಿಡ್ನಿ ಅದು. ಅದುಕ್ಕೆ ಎಳ್ನೀರು ಆಗಕ್ಕಿಲ್ಲ ಅಂದ್ರೆ ಇನ್ನೇನ್ ಆದದು?”

ಎಲ್ಲರೂ ನಕ್ಕರು. ಅವನ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ತೊಂದರೆ. ನಾವು ಎಳನೀರಿನಲ್ಲೇ ಬೆಳೆದವರು ಹೌದು. ಆದರೆ ಆಗ ನಮ್ಮ ಕೊಳವೆಗಳ ಕೈ ಕಟ್ಟಿರಲಿಲ್ಲ. ಇದನ್ನು ಅವನಿಗೆ ಹೇಳುವುದು ಹೇಗೆ? ನನಗೆ ಬಿಗಿಯಲು ಬರುತ್ತದೆ, ಸಡಿಲಾಗಲು ಬರುತ್ತದೆ. ಮೂರನೆಯದೊಂದು ಬರುವುದಿಲ್ಲ.

ಜಯಶೀಲ ಲೋಟ ತೆಗೆದುಕೊಂಡಳು. ಬಾಗಿನದ ಜೊತೆ ತವರಿನಿಂದ ಬಂದದ್ದನ್ನು ಹೇಗೆ ಬೇಡ ಎನ್ನುವುದು? ಮೈಯನ್ನೇ ಕೊಯ್ದು ಕೊಟ್ಟವನಿಗೆ ಒಂದು ಎಳನೀರು ಬೇಡ ಎನ್ನಲು ಯಾವ ಬಾಯಿ ಬರುತ್ತದೆ? ಎರಡು ವರ್ಷದಿಂದ ಅವಳಿಗೂ ಆಸೆಯಿತ್ತು. ಮೊದಲ ಗುಟುಕಿಗೆ ಅವಳು ಕಣ್ಣು ಮುಚ್ಚಿದಳೆಂದು ಆಮೇಲೆ ಮಾದೇವಿ ಯಾರಿಗೋ ಹೇಳುತ್ತಿದ್ದಳು.

ಏನೂ ಆಗಲಿಲ್ಲ. ಅದರಿಂದ ಎಲ್ಲರಿಗೂ ಧೈರ್ಯ ಬಂತು. ಶುಕ್ರವಾರ ಮೂರು ಕುಡಿದಳು, ಶನಿವಾರ ಮೂರು, ಭಾನುವಾರವೂ ಮೂರು. ನಡುವೆ ಹಬ್ಬದ ರಸಬಾಳೆ.

ನನಗಾದದ್ದನ್ನು ಈಗ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ನನಗೆ ಹಿತವಾಗಿತ್ತು. ವಿಚಿತ್ರ ಬಾಗಿಲು ತೆರೆದಿತ್ತು, ಹುಣಸೆಮರದ ಕೆಳಗಿನ ಮಧ್ಯಾಹ್ನಗಳು ನೆನಪಾದವು. ಮಾತ್ರೆಯ ಬಿಗಿ ಕೂಡ ಅಷ್ಟು ಕಾಣಿಸಲಿಲ್ಲ. ಸಂಜೆಗೆ ಇನ್ನೂ ಹಿತವಾಗಿತ್ತು. ಆಗ ನನಗೆ ಮೊದಲ ಸಲ ಅನುಮಾನ ಬಂತು. ಹಿತ ಬಂದು ಹೋಗಬೇಕು, ಇದು ಹೋಗುತ್ತಿಲ್ಲವಲ್ಲ? ಭಾನುವಾರ ಬಾಗಿಲು ಮತ್ತೂ ಅಗಲವಾಯಿತು. ಬಿಗಿಯೋಣವೆಂದು ನೋಡಿದೆ, ಮೈ ಕೇಳಲಿಲ್ಲ. ನಲವತ್ತನಾಲ್ಕು ವರ್ಷ ಗಾಬರಿಯಲ್ಲೇ ಬದುಕಿದ ನನಗೆ ಗಾಬರಿಯೇ ಬರುತ್ತಿಲ್ಲ! ನನಗೆ ಇಷ್ಟು ಸುಖವಾಗಿದೆಯೆಂದರೆ ರಕ್ತದಲ್ಲಿ ಎಷ್ಟು ಪೊಟ್ಯಾಸಿಯಂ ತುಂಬಿರಬೇಕು ಎಂದು ಯೋಚಿಸಿದೆ. ನಮ್ಮನ್ನು ಸಡಿಲಿಸುವ ಅದೇ ಪೊಟ್ಯಾಸಿಯಂ ಹೃದಯದ ಕೋಶಗಳನ್ನು ದಾರಿ ತಪ್ಪಿಸುತ್ತದೆ. ಅವರ ಬಾಗಿಲುಗಳ ರೀತಿಯೇ ಬೇರೆ.

ಸೋಮವಾರ ಬೆಳಿಗ್ಗೆ ಬಡಿತಗಳ ನಡುವಿನ ಅಂತರ ಹೆಚ್ಚಾಯಿತು.

ಆಸ್ಪತ್ರೆಗೆ ಹೊರಡಬೇಕಿತ್ತು. ಜಯಶೀಲ ಸೀರೆಯ ನೆರಿಗೆ ಹಿಡಿಯಲು ಹೋಗಿ ನೆಲದ ಮೇಲೆ ಕೂತಳು. “ಅಣ್ಣ, ಕಾಲ್ನಾಗೆ ಬಲ ಇಲ್ಲ ಕಣೋ.”

ಅವಳ ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. “ಆ ಮಾತ್ರೆ ಎಲ್ಲಾ ಉಸ್ಣ ಕಣಪ್ಪ, ಮೈಯ್ಯೆಲ್ಲ ಬೆಂದೋಗದೆ. ಇನ್ನೊಂದು ಕೆತ್ತು, ತಂಪಾಯ್ತದೆ.”

ಬೋರಲಿಂಗ ಹತ್ತನೆಯ ಕಾಯಿ ಕೈಗೆತ್ತಿಕೊಂಡ. ಒಂದು ಏಟು. ಎರಡು. ಮೂರು. ನೀರು ಲೋಟಕ್ಕೆ ಬಿದ್ದ ಸದ್ದು ಅವಳ ಕೈಯ ಎಲುಬಿನ ಮೂಲಕ ನನಗೆ ಕೇಳಿಸಿತು. ಆ ಲೋಟ ಅವಳ ಬಾಯಿ ತಲುಪಿದರೆ ನಾನೂ ಇಲ್ಲ, ಅವಳೂ ಇಲ್ಲ ಎಂದು ನನಗೆ ಗೊತ್ತಿತ್ತು. ಹೀಗೆ ಎಲ್ಲ ಗೊತ್ತಿದ್ದೂ ಆರಾಮವಾಗಿ ಮೈಚಾಚಿ ಬಿದ್ದಿರುವ ಶಿಕ್ಷೆ ಯಾರಿಗೂ ಬೇಡ.

ಲೋಟ ಅವಳ ಬೆರಳುಗಳಿಂದ ಜಾರಿ ಉರುಳಿತು. ಹಿಡಿಯುವ ಶಕ್ತಿಯೂ ಇರಲಿಲ್ಲ.

ಬೋರಲಿಂಗ ಮಚ್ಚು ಕೆಳಗಿಟ್ಟ. ಡಯಾಲಿಸಿಸ್ ದಿನಗಳ ಅಭ್ಯಾಸ ಅವನ ಕೈಯಲ್ಲಿ ಉಳಿದಿತ್ತು. ಫೋನ್ ತೆಗೆದು ಫಿಲೋಮಿನಾ ಅವರಿಗೆ ಮಾಡಿದ. “ಸಿಸ್ಟರ್, ಶೀಲನ್ಗೆ ಕೈಕಾಲ್ ಬಲ ಇಲ್ಲ ಅಂತಾವ್ಳೆ. ಉಸ್ಣ ಆಗದೆ ಅನ್ನುಸ್ತದೆ. ಎಳ್ನೀರು ಕೊಡ್ತಾ ಇವ್ನಿ.”

“ಏನ್ ಕೊಡ್ತಾ ಇದೀರಾ?”

“ಎಳ್ನೀರು. ಮೂರು ದಿನದಿಂದ ಒಂಬತ್ತು ಕುಡುದವ್ಳೆ. ಇದು ಹತ್ತ್‌ನೇದು.”

ಆ ಕಡೆಯಿಂದ ಬಂದ ಕೂಗು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. “ಬೋರಲಿಂಗ ಅವ್ರೇ, ಒಂದ್ ತೊಟ್ಟೂ ಕೊಡ್ಬೇಡಿ! ಆಟೋ ಹತ್ಸಿ. ಈಗ್ಲೇ. ಸೀರೆ ಗೀರೆ ನೋಡ್ತಾ ನಿಂತ್ಕೋಬೇಡಿ, ಹಂಗೇ ಕರ್ಕೊಂಡ್ ಬನ್ನಿ. ನಾನು ಬಾಗ್ಲಲ್ಲೇ ಇರ್ತೀನಿ.”

ಆಟೋದಲ್ಲಿ ನಾನು ಬಡಿತ ಎಣಿಸುತ್ತಿದ್ದೆ. ಅದು ಬಿಟ್ಟು ಮಾಡಲು ನನಗೆ ಬೇರೆ ಕೆಲಸವಿರಲಿಲ್ಲ. ಒಂದು ಬಂತು. ಕಾದೆ. ಇನ್ನೊಂದು ಬಂತು. ಬಹಳ ಹೊತ್ತು ಕಾದೆ. ಬರಲಿಲ್ಲ. ಐಸಿನ ಪಾತ್ರೆಯ ಐವತ್ತು ನಿಮಿಷ ನೆನಪಾಯಿತು. ಆಗ ನಮಗಾಗಿ ಇನ್ನೊಂದು ಮೈ ಕಾದಿತ್ತು. ಈಗ ಯಾರು ಕಾದಿದ್ದಾರೆ? ಅಷ್ಟರಲ್ಲಿ ಎಲ್ಲೋ ಆಳದಿಂದ ಒಂದು ದುರ್ಬಲ ಬಡಿತ ಬಂದು ನನ್ನ ಗೋಡೆಯನ್ನು ಮುಟ್ಟಿತು.

ಫಿಲೋಮಿನಾ ಬಾಗಿಲಲ್ಲೇ ಇದ್ದರು. ಸ್ಟ್ರೆಚರ್ ಓಡಿತು. ಎದೆಗೆ ತಂತಿ ಅಂಟಿಸಿ ನೋಡಿದ ಡಾಕ್ಟರು ತಕ್ಷಣ ಕ್ಯಾಲ್ಸಿಯಂ ಚುಚ್ಚಲು ಹೇಳಿದರು. ಕ್ಯಾಲ್ಸಿಯಂ! ಹುಟ್ಟಿದಾರಭ್ಯ ನಾನು ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದ ಅವನೇ ಅಂದು ಹೃದಯದ ಬಳಿ ಹೋಗಿ ಅದು ದಾರಿತಪ್ಪದಂತೆ ಹಿಡಿದು ನಿಲ್ಲಿಸಿದ. ಹಿಂದೆಯೇ ಸಕ್ಕರೆ ನೀರಿನ ಜೊತೆ ಇನ್ಸುಲಿನ್ ಬಂತು. ಅದು ರಕ್ತದಲ್ಲಿದ್ದ ಪೊಟ್ಯಾಸಿಯಂ ಅನ್ನು ಮೈಯ ಕೋಶಗಳ ಒಳಗೆ ಓಡಿಸಿತು. ನಂತರ ಹಳೆಯ ಯಂತ್ರದ ಹತ್ತಿರ ಕರೆದೊಯ್ದು ಒಂದು ಸಲ ರಕ್ತ ತೊಳೆದರು.

ಮಧ್ಯಾಹ್ನದ ಹೊತ್ತಿಗೆ ನನ್ನ ಬಾಗಿಲು ಮೆಲ್ಲಗೆ ಕಿರಿದಾಗತೊಡಗಿತು. ಹಿತ ಇಳಿಯಿತು. ಮಾತ್ರೆಯ ಬಿಗಿ ತಿಳಿಯಿತು, ಒತ್ತಡ ತಿಳಿಯಿತು, ಕಾವಲುಗಾರರ ಓಡಾಟ ತಿಳಿಯಿತು. ನನ್ನ ಗಾಬರಿ ನನಗೆ ವಾಪಸು ಬಂತು. ನನ್ನ ಜನ್ಮದಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಅವಳ ಹಾಸಿಗೆಯ ಪಕ್ಕದ ಪರದೆಯ ಆಚೆ ಬೋರಲಿಂಗ ನಿಂತಿದ್ದ. ಒಳಗೆ ಬರಲಿಲ್ಲ. “ಕೊಟ್ಟೋನೂ ನಾನೇ ಸಿಸ್ಟರ್, ಕಿತ್ಕಳಕ್ಕೆ ಹೋದೋನೂ ನಾನೇ,” ಎಂದ.

“ಫೋನ್ ಮಾಡಿದವ್ರೂ ನೀವೇ ಅಲ್ವಾ? ಹೋಗಿ, ಏನಾದ್ರೂ ತಿಂದ್ಕೊಂಡ್ ಬನ್ನಿ. ನಿಮ್ಗೂ ಇವತ್ತು ತಪಾಸಣೆ ಇದೆ,” ಎಂದರು ಫಿಲೋಮಿನಾ.

ಮುಂದಿನ ಗೌರಿಹಬ್ಬಕ್ಕೆ ಅವನು ಬರಲಿಲ್ಲ. ಮೊರವನ್ನು ಮಾದೇವಿಯ ಕೈಯಲ್ಲಿ ಕಳಿಸಿದ್ದ. ಜಯಶೀಲ ಅದನ್ನು ಮುಟ್ಟಲಿಲ್ಲ.

“ಕೊಡೋನು ಬರ್ದೆ ಬಾಗ್ನ ಇಸ್ಕಳಕ್ಕಿಲ್ಲ ಅತ್ಗೆ. ಇಲ್ಲೇ ಇಟ್ಟಿರಿ. ಅವನೇ ಬರ್ಲಿ.”

ಮೊರ ದೇವರ ಮುಂದೆ ಮೂರು ದಿನ ಇತ್ತು. ಅವಳು ಅದಕ್ಕೆ ಬೆನ್ನು ಹಾಕಿ ರವಿಕೆ ಹೊಲಿಯುತ್ತಿದ್ದಳು. ಬಾಗಿಲಲ್ಲಿ ಸದ್ದಾದಾಗಲೆಲ್ಲ ಅವಳ ರಕ್ತದ ಒತ್ತಡ ಏರುತ್ತಿತ್ತು, ನಾನು ಬಿಗಿಯುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಅವನು ಬಂದ. ಬರಿಗೈಯಲ್ಲಿ ಬಂದಿದ್ದ.

“ಎಳ್ನೀರು ಎಲ್ಲಿ?” ಎಂದಳು.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

“ನಾನು ಡಾಕ್ಟ್ರ ಕೇಳಿವ್ನಿ. ಮಾತ್ರೆ ಕಮ್ಮಿ ಮಾಡವ್ರೆ, ರಿಪೋರ್ಟು ನೋಡವ್ರೆ. ಹಬ್ಬದ ದಿನ ಒಂದ್ ಚಮ್ಚ ಕುಡುದ್ರೆ ಏನೂ ಆಗಕ್ಕಿಲ್ಲ ಅಂದವ್ರೆ. ಅದ್ಕಿಂತ ಜಾಸ್ತಿ ಇಲ್ಲ.” ದೇವರ ಮುಂದೆ ತೀರ್ಥಕ್ಕೆ ಇಟ್ಟಿದ್ದ ಉದ್ಧರಣೆಯನ್ನು ತಂದು ಅವನ ಮುಂದಿಟ್ಟಳು. “ಇದ್ರಲ್ಲಿ ಒಂದು.”

“ನನ್ ಕೈಯ್ಯಾಗೆ ಬ್ಯಾಡ ಕಣವ್ವ.”

“ನಿನ್ ಕೈಯ್ಯಾಗೇ ಬೇಕು. ಏನ್ ಕೊಡ್ಬೇಕು ಅಂತ ನಿಂಗೆ ಮೊದ್ಲೇ ಗೊತ್ತಿತ್ತು. ಎಷ್ಟು ಅಂತ ಈಗ ಗೊತ್ತಾಗದೆ. ಇನ್ನೇನಣ್ಣ?”

ಬೋರಲಿಂಗ ಬೀದಿಯ ತುದಿಗೆ ಹೋಗಿ, ಬೇರೆ ಯಾರದೋ ಗಾಡಿಯಲ್ಲಿ ಒಂದು ಕಾಯಿ ಆರಿಸಿ, ತಾನೇ ಕೆತ್ತಿ ತಂದ. ಉದ್ಧರಣೆಗೆ ಬಗ್ಗಿಸುವಾಗ ಅರ್ಧ ಚೆಲ್ಲಿತು. ಉಳಿದ ಅರ್ಧವನ್ನು ಅವಳು ಕುಡಿದಳು. ಮಿಕ್ಕ ಎಳನೀರನ್ನೆಲ್ಲ ಅವನಿಗೇ ಕುಡಿಸಿದಳು. ಆ ಸೋಮವಾರದಿಂದ ಅವನು ಎಳನೀರು ಬಾಯಿಗೆ ಹಾಕಿರಲಿಲ್ಲ ಎಂದು ಮಾದೇವಿ ಆಗ ಹೇಳಿದಳು.

ಇದೆಲ್ಲ ಆಗಿ ಹದಿಮೂರು ವರ್ಷವಾಯಿತು. ನನಗೀಗ ವಯಸ್ಸಾಗಿದೆ. ಮಾತ್ರೆ ನನ್ನನ್ನು ದಿನಾ ಎರಡು ಹೊತ್ತು ಬಿಗಿದು ಬಿಗಿದು ಮೈ ಪೆಡಸಾಗಿದೆ. ನನ್ನ ಸುತ್ತ ನಾರು ಬೆಳೆದಿದೆ. ಬಾಗಿಲುಗಳು ತೆರೆಯಲು ತಡಮಾಡುತ್ತವೆ. ನೆರೆಯವಳ ಸಂದೇಶಗಳೂ ಕಡಿಮೆಯಾಗಿವೆ, ಅವಳಿಗೂ ಸುಸ್ತು. ನಮ್ಮ ಹತ್ತು ಲಕ್ಷ ಗಂಟುಗಳಲ್ಲಿ ಅರ್ಧಕ್ಕರ್ಧ ಕೆಲಸ ನಿಲ್ಲಿಸಿವೆ. ಹೋದ ತಿಂಗಳು ಡಾಕ್ಟರು ವರದಿ ನೋಡಿ, “ನಿಧಾನಕ್ಕೆ ಇಳೀತಾ ಇದೆ, ಇನ್ನೂ ಸ್ವಲ್ಪ ಕಾಲ ನಡೀಬಹುದು,” ಎಂದರು. ಸ್ವಲ್ಪ ಕಾಲ ಎಂದರೆ ಎಷ್ಟು ಎಂದು ಜಯಶೀಲ ಕೇಳಲಿಲ್ಲ. ಜೊತೆಗೆ ಬಂದಿದ್ದ ಬೋರಲಿಂಗ ಕೇಳಿದ್ದು ಬೇರೆ.

“ಇನ್ನೊಂದು ಅದಲ್ಲ ಸಾರ್, ನನ್ ತಾವ. ಅದ್ನೂ ತಕ್ಕಳಿ.”

ಡಾಕ್ಟರು ನಗಲಿಲ್ಲ. ಅದು ಆಗುವುದಿಲ್ಲ ಎಂದು ಸಮಾಧಾನವಾಗಿ ಹೇಳಿದರು. ಬಲಗಡೆಯದು ದೊಡ್ಡದಾಗಿ ಬೆಳೆದು ಇಬ್ಬರ ಕೆಲಸವನ್ನು ಒಂದೇ ಮಾಡುತ್ತಿದೆ, ಚೆನ್ನಾಗಿದೆ ಎಂದೂ ಹೇಳಿದರು. ನನಗೆ ಸಮಾಧಾನವಾಯಿತು. ಆಚೆ ಬದಿಯವರನ್ನು ನಾನು ಎಂದೂ ಕಾಣಲಿಲ್ಲ. ಹುಟ್ಟಿದಾಗಿನಿಂದ ನನ್ನ ಜೊತೆಗಿದ್ದವರು ಅವರೇ.

ಹೋದ ವರ್ಷದ ಹಬ್ಬದಲ್ಲೂ ಅಣ್ಣ ಒಂದು ಕಾಯಿ ಕೆತ್ತಿದ. ತಂಗಿಗೆ ಒಂದು ಉದ್ಧರಣೆ, ಮಿಕ್ಕದ್ದು ಅವನಿಗೆ. ಆ ಒಂದು ಉದ್ಧರಣೆ ನನ್ನವರೆಗೆ ಬಂತೇ ಎಂದರೆ, ನಿಜ ಹೇಳಬೇಕು, ನನಗೆ ಗೊತ್ತಾಗಲಿಲ್ಲ. ಬಾಗಿಲು ಅಲುಗಲೂ ಇಲ್ಲ. ಆದರೆ ಎದುರಿಗೆ ಕೂತವನ ಮೈಯಲ್ಲಿ, ಬೆನ್ನೆಲುಬಿನ ಬಲಗಡೆ, ನನ್ನಂಥವನೇ ಒಬ್ಬನಿಗೆ ಅದೇ ಕಾಯಿಯ ನೀರು ತಲುಪಿ ಅವನು ಉಸ್ಸೆಂದು ಸಡಿಲವಾಗಿರುತ್ತಾನೆ. ಅದನ್ನು ನೆನೆದರೆ ಸಾಕು.

ಈ ಸಲದ ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನ ಇದೆ. ಜಯಶೀಲ ಉದ್ಧರಣೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಾಳೆ. ಅಲ್ಲಿಯವರೆಗೆ ನಾನು ಬಿಗಿಯಬೇಕಾದಾಗ ಬಿಗಿಯಬೇಕು, ಸಡಿಲವಾಗಬೇಕಾದಾಗ ಸಡಿಲವಾಗಬೇಕು. ಹತ್ತೊಂಬತ್ತೇ ದಿನ. ಆದೀತೋ ಇಲ್ಲವೋ ಎಂದು ನನಗೆ ಭಯವಾಗುತ್ತಿದೆ. ಭಯವಾಗುತ್ತಿದೆಯಲ್ಲ, ಹಾಗಾದರೆ ಇನ್ನೂ ಕೆಲಸದಲ್ಲಿದ್ದೇನೆ.